ಲಾ ಮಾಂಚಾದ ಗಾಳಿಗಿರಣಿಗಳಿಗೆ ಮೂರು ದಿನ: ಹೋಗುವುದು ಹೇಗೆ, ನೋಡುವುದು ಏನನ್ನು

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರಂತೆ ಎಂದು ನಮ್ಮಲ್ಲೊಂದು ಮಾತಿದೆ. ಅದನ್ನು ಬರೀ ಮಾತಿಗೆ ಬಿಡದೆ ಮಾಡಿಯೇ ತೋರಿಸಿದವನು ಸ್ಪೇನಿನ ಲಾ ಮಾಂಚಾ ಸೀಮೆಯ ಒಬ್ಬ ಬಡಕಲು ಹಿಡುವಳಿದಾರ. ವಯಸ್ಸು ಐವತ್ತರ ಹತ್ತಿರ, ತಲೆ ತುಂಬ ವೀರಗಾಥೆಗಳು, ಕೈಯಲ್ಲಿ ಭರ್ಜಿ, ಕೆಳಗೆ ಎಲುಬು ಎಣಿಸಬಹುದಾದ ಕುದುರೆ. ಬಯಲಲ್ಲಿ ನಿಂತ ಗಾಳಿಗಿರಣಿಗಳನ್ನು ರಾಕ್ಷಸರೆಂದು ಬಗೆದು ಏರಿಹೋದ. ಭರ್ಜಿ ರೆಕ್ಕೆಗೆ ಸಿಕ್ಕಿ ಮುರಿಯಿತು, ರೆಕ್ಕೆ ಸವಾರನನ್ನೂ ಕುದುರೆಯನ್ನೂ ಒಟ್ಟಿಗೇ ಎತ್ತಿ ಒಗೆಯಿತು. ಸೆರ್ವಾಂತೆಸ್ 1605ರಲ್ಲಿ ಹೊರತಂದ ಈ ಕಾದಂಬರಿಯನ್ನು ನಾವು ಇಂಗ್ಲಿಷಿನ ದಾರಿ ಹಿಡಿದು ಡಾನ್ ಕ್ವಿಕ್ಸೋಟ್ ಅನ್ನುತ್ತೇವೆ. ಅಲ್ಲಿಯವರ ಬಾಯಲ್ಲಿ ಅದು ದೋನ್ ಕಿಹೋತೆ. ದಾರಿ ಕೇಳುವಾಗ ಅವರ ಹಾಗೇ ಹೇಳಿ, ಕೆಲಸ ಬೇಗ ಆಗುತ್ತದೆ.

ಆ ಸೀಮೆಯ ಗುಡ್ಡಗಳ ಮೇಲೆ ಗಿರಣಿಗಳು ಇವತ್ತಿಗೂ ಇವೆ. ನಾನು ಎರಡು ಸಲ ಹೋಗಿಬಂದೆ. ಮೊದಲ ಸಲ ಒಬ್ಬನೇ ಓಡಾಡಿ ಇಪ್ಪತ್ತಕ್ಕೂ ಹೆಚ್ಚು ಗಿರಣಿಗಳ ಫೋಟೊ ಹೊಡೆದೆ, ಎಲ್ಲವೂ ಹೊರಗಿನಿಂದ. ಮನೆಗೆ ಬಂದು ನೋಡಿದರೆ ಯಾವುದು ಯಾವ ಊರಿನದೆಂದು ನನಗೇ ಗುರುತು ಸಿಗಲಿಲ್ಲ. ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಆಗ ಒಂದೇ ಗಿರಣಿಯ ಒಳಗೆ, ಅದು ಹಿಟ್ಟು ಬೀಸುತ್ತಿರುವಾಗ, ಮುಕ್ಕಾಲು ಗಂಟೆ ನಿಂತಿದ್ದೆವು. ಈ ಲೇಖನ ಆ ಎರಡನೇ ಪ್ರವಾಸದ ಲೆಕ್ಕದಲ್ಲಿ ಬರೆದದ್ದು. ಎಲ್ಲ ಗುಡ್ಡ ಹತ್ತಲು ಹೋಗಬೇಡಿ. ಬೀಸುವ ದಿನ ಯಾವುದೆಂದು ನೋಡಿ, ಮಿಕ್ಕ ಪ್ರವಾಸವನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ಹೊರಡುವ ಮೊದಲು ಎಂಟನೇ ಅಧ್ಯಾಯ ಓದಿ

ಕಾದಂಬರಿ ದೊಡ್ಡದು. ಎರಡನೇ ಭಾಗ 1615ರಲ್ಲಿ ಬಂತು. ಎರಡೂ ಸೇರಿದರೆ ದಿಂಬಿನಷ್ಟು ದಪ್ಪ. ಪೂರ್ತಿ ಓದಿಯೇ ಹೋಗಬೇಕೆಂದು ನಾನು ಹೇಳುವುದಿಲ್ಲ. ಗಿರಣಿಯ ಪ್ರಸಂಗ ಇರುವುದು ಮೊದಲ ಭಾಗದ ಎಂಟನೇ ಅಧ್ಯಾಯದ ಆರಂಭದಲ್ಲಿ, ಒಂದೆರಡು ಪುಟವಷ್ಟೇ. ಲೋಕವೆಲ್ಲ ನೆನಪಿಟ್ಟುಕೊಂಡ ದೃಶ್ಯ ಇಷ್ಟು ಚಿಕ್ಕದೇ ಎಂದು ಮೊದಲ ಸಲ ಓದಿದಾಗ ನನಗೆ ಮೋಸ ಹೋದ ಹಾಗಾಗಿತ್ತು.

ಓದುವಾಗ ಎರಡು ಸಂಗತಿ ಗಮನಿಸಿ. ಒಂದು, ಅಲ್ಲಿ ಕಾಣುವುದು ಮೂವತ್ತೋ ನಲವತ್ತೋ ಗಿರಣಿಗಳು. ಊರಿನ ಹೆಸರಿಲ್ಲ. ಏಟು ತಿಂದ ಮೇಲೆ ಕಿಹೋತೆಯೂ ಅವನ ಬಂಟ ಸಾಂಚೊ ಪಾಂಸಾನೂ ಪ್ವೆರ್ತೊ ಲಾಪಿಸೆ ಎಂಬ ಊರಿನ ದಾರಿ ಹಿಡಿದರು ಎಂಬುದೊಂದೇ ಸುಳಿವು. ಈ ಒಂದು ಸಾಲಿನ ಮೇಲೆ ಲಾ ಮಾಂಚಾದ ಊರುಗಳು ‘ಅದು ನಮ್ಮದೇ ಗುಡ್ಡ’ ಎಂದು ಇವತ್ತಿಗೂ ಹಗ್ಗಜಗ್ಗಾಟ ನಡೆಸಿವೆ.

ಇನ್ನೊಂದು, ನಮಗೆ ಹಳೆಯ ಕಾಲದ ಚಂದದ ವಸ್ತುವಾಗಿ ಕಾಣುವ ಈ ಗಿರಣಿ ಅವನ ಕಾಲಕ್ಕೆ ಹೊಸ ಯಂತ್ರ. ಲಾ ಮಾಂಚಾ ಒಣ ಸೀಮೆ. ಹೊಳೆಗಳು ಬೇಸಿಗೆಯಲ್ಲಿ ಬತ್ತುತ್ತವೆ, ನೀರಿನ ಗಿರಣಿಗಳು ವರ್ಷದಲ್ಲಿ ಎಷ್ಟೋ ತಿಂಗಳು ಸುಮ್ಮನೆ ನಿಲ್ಲುತ್ತವೆ. ಗಾಳಿಯನ್ನು ದುಡಿಸಿಕೊಳ್ಳುವ ಈ ಗೋಪುರಗಳು ಅಲ್ಲಿ ಎದ್ದದ್ದು 16ನೇ ಶತಮಾನದಲ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಮೊದಲ ಸಲ ಆ ಬಿಳಿ ಫ್ಯಾನುಗಳು ಎದ್ದಾಗ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಗೆ ಮುಖ ಒತ್ತಿ ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಹಳೆಯ ವೀರಗಾಥೆಗಳಲ್ಲಿ ಬದುಕುತ್ತಿದ್ದವನ ಕಣ್ಣಿಗೆ ಹೊಸ ಯಂತ್ರವೇ ರಾಕ್ಷಸನಾಗಿ ಕಂಡಿತು. ಅವನಿಗೆ ಬರೀ ತಲೆಕೆಟ್ಟಿತ್ತು ಎಂದು ನಕ್ಕು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ವೀಸಾ, ವಿಮಾನ

ಇದನ್ನು ಬೇಗ ಮುಗಿಸೋಣ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ನನ್ನನ್ನು ಕೇಳಿದರೆ ಎರಡು ತಿಂಗಳು ಮುಂಚೆಯೇ ಹಾಕಿ. ದೊಡ್ಡವರಿಗೆ ಶುಲ್ಕ 90 ಯೂರೊ, ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಉಳಿಯುವ ಊರು ‘ಕಾಂಪೊ ದೆ ಕ್ರಿಪ್ತಾನಾ’ ಎಂದು ಬರೆದಿದ್ದನ್ನು ನೋಡಿ ಕೌಂಟರಿನಲ್ಲಿದ್ದವರು ‘ಇಲ್ಲಿ ಏನಿದೆ?’ ಎಂದು ಕೇಳಿದ್ದರು. ದಿನದಿನದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದ್ದರೆ ವಿವರಿಸುವ ಕಷ್ಟ ತಪ್ಪುತ್ತದೆ.

ಬೆಂಗಳೂರಿನಿಂದ ದುಬೈ, ದೋಹಾ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸಿ ಮ್ಯಾಡ್ರಿಡ್‌ಗೆ ಇಳಿಯಬಹುದು. ಜರ್ಮನಿ, ನೆದರ್ಲೆಂಡ್ಸ್ ಕಡೆ ಇರುವ ಕನ್ನಡಿಗರಿಗೆ ಇದು ಒಂದು ಉದ್ದನೆಯ ವಾರಾಂತ್ಯದ ಮಾತು. ಇಳಿದ ದಿನವೇ ಹೊರಡಬೇಡಿ. ಮ್ಯಾಡ್ರಿಡ್‌ನ ಪ್ಲಾಸಾ ದೆ ಎಸ್ಪಾನ್ಯಾದಲ್ಲಿ ಕಿಹೋತೆ ಮತ್ತು ಸಾಂಚೊನ ಕಂಚಿನ ಪ್ರತಿಮೆಗಳಿವೆ. ಸಂಜೆ ಅಲ್ಲಿ ಸುತ್ತಾಡಿ ಮಲಗಿಬಿಡಿ.

ಯಾವ ತಿಂಗಳು, ಯಾವ ವಾರ

‘ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ’ ಎಂದು ಆ ಕಡೆ ಹವಾಮಾನದ ಬಗ್ಗೆ ಗಾದೆಯಿದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಿರಣಿಯ ಗುಡ್ಡಗಳ ಮೇಲೆ ಒಂದು ಮರ ಇರುವುದಿಲ್ಲ. ಮರವಿದ್ದರೆ ಗಾಳಿಗೆ ಅಡ್ಡ ಎಂದು ಅಲ್ಲಿ ಗಿರಣಿಯನ್ನೇ ಕಟ್ಟುತ್ತಿರಲಿಲ್ಲ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯದು.

ಈಗ ವಾರ ಆರಿಸುವ ಮಾತು. ಕಾಂಪೊ ದೆ ಕ್ರಿಪ್ತಾನಾದಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಶನಿವಾರ ಹಳೆಯ ಪದ್ಧತಿಯಲ್ಲಿ ಗೋಧಿ ಬೀಸಿ ತೋರಿಸುತ್ತಾರೆ. ಗಾಳಿ ಬೀಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವಿಮಾನದ ಟಿಕೆಟ್ ಮಾಡುವ ಮೊದಲೇ ಊರಿನ ಪ್ರವಾಸಿ ಕಚೇರಿಗೆ ಇಮೇಲ್ ಬರೆದು ಆ ತಿಂಗಳ ದಿನ, ಹೊತ್ತು ಖಚಿತ ಮಾಡಿಕೊಳ್ಳಿ.

ಇನ್ನೊಂದು ಆಯ್ಕೆ ಅಕ್ಟೋಬರಿನ ಕೊನೆಯ ವಾರಾಂತ್ಯ. ಆಗ ಕೊನ್ಸ್ವೆಗ್ರಾ ಊರಿನಲ್ಲಿ ಕೇಸರಿ ಹೂವಿನ ಹಬ್ಬ, 1963ರಿಂದ ನಡೆದುಬಂದದ್ದು. ಹೂವಿನಿಂದ ಕೇಸರಿ ಎಳೆ ಬಿಡಿಸುವ ಪಂದ್ಯ ಇರುತ್ತದೆ, ಒಂದು ಗಿರಣಿಯನ್ನೂ ಓಡಿಸುತ್ತಾರೆ. ಆದರೆ ಜಾತ್ರೆ ಜಾತ್ರೆಯೇ. ಕೋಣೆ ಸಿಗುವುದು ಕಷ್ಟ, ಗಿರಣಿಯೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಒಂದು ಎಚ್ಚರಿಕೆ: ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಸ್ಪೇನೂ ಸೇರಿ ಯುರೋಪಿನ ಬಹುತೇಕ ದೇಶಗಳಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಬ್ಬದ ನಡುವೆ ಇದನ್ನು ಮರೆತರೆ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಚಳಿಯಲ್ಲಿ ಕೂರುತ್ತೀರಿ.

ನಾನಾದರೆ ಮೊದಲ ಶನಿವಾರಕ್ಕೇ ಓಟು ಹಾಕುತ್ತೇನೆ. ಶುಕ್ರವಾರ ಕೊನ್ಸ್ವೆಗ್ರಾ, ಶನಿವಾರ ಕ್ರಿಪ್ತಾನಾ, ಭಾನುವಾರ ಮಿಕ್ಕ ಊರುಗಳು. ಸೋಮವಾರವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಸ್ಪೇನಿನ ಸಣ್ಣ ಊರುಗಳ ಮ್ಯೂಸಿಯಂಗಳು ಬಹುಪಾಲು ಸೋಮವಾರ ಬಾಗಿಲು ಹಾಕಿರುತ್ತವೆ. ನನ್ನ ಮೊದಲ ಪ್ರವಾಸ ಶುರುವಾದದ್ದೇ ಸೋಮವಾರ. ಮೊದಲ ದಿನ ನೋಡಿದ್ದೆಲ್ಲ ಬೀಗಗಳು.

ಕಾರು, ರೈಲು, ಬಸ್ಸು

ಮೂರು ದಿನದಲ್ಲಿ ನಾಲ್ಕೈದು ಊರು ನೋಡಬೇಕಾದರೆ ಬಾಡಿಗೆ ಕಾರೇ ಸರಿ. ಹೊರಡುವ ಮೊದಲು ನಮ್ಮ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಊರಿನ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಅಲ್ಲಿ ವಾಹನ ಓಡುವುದು ರಸ್ತೆಯ ಬಲಗಡೆ. ಬಂಕಿನಲ್ಲಿ ‘ಗಸೊಲಿನಾ’ ಅಂದರೆ ಪೆಟ್ರೋಲು, ‘ಗಸೋಲಿಯೊ’ ಅಂದರೆ ಡೀಸೆಲ್. ಎರಡೂ ಕಿವಿಗೆ ಒಂದೇ ಥರ ಬೀಳುತ್ತವೆ. ತುಂಬಿಸುವ ಮೊದಲು ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿದ್ದನ್ನು ಓದಿ.

ದಾರಿ ಸುಲಭ. ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಎ-4 ಹೆದ್ದಾರಿ ಹಿಡಿದು ಮದ್ರಿದೇಹೊಸ್ ಎಂಬಲ್ಲಿ ಪಕ್ಕಕ್ಕೆ ತಿರುಗಿದರೆ ಕೊನ್ಸ್ವೆಗ್ರಾ; ಒಟ್ಟು ಸುಮಾರು 130 ಕಿಲೋಮೀಟರ್. ಅಲ್ಲಿಂದ ಮುಂದೆ ನಿಮ್ಮ ಬೆನ್ನೆಲುಬು ಎನ್-420 ರಸ್ತೆ. ಪ್ವೆರ್ತೊ ಲಾಪಿಸೆ, ಅಲ್ಕಾಸರ್ ದೆ ಸಾನ್ ಹ್ವಾನ್, ಕಾಂಪೊ ದೆ ಕ್ರಿಪ್ತಾನಾ, ಮೋತಾ ದೆಲ್ ಕ್ವೆರ್ವೊ, ಬೆಲ್‌ಮೊಂತೆ, ಇವೆಲ್ಲ ಆ ಒಂದೇ ರಸ್ತೆಗೆ ಮಣಿ ಪೋಣಿಸಿದ ಹಾಗಿವೆ. ಎರಡೂ ಕಡೆ ದ್ರಾಕ್ಷಿ ತೋಟ. ನಮ್ಮ ವಿಜಯಪುರದ ಕಡೆಯ ಹಾಗೆ ಚಪ್ಪರಕ್ಕೆ ಹಬ್ಬಿಸಿದ್ದಲ್ಲ. ಎಷ್ಟೋ ಕಡೆ ಮೊಣಕಾಲೆತ್ತರದ ಮೋಟು ಗಿಡಗಳು ಕೆಂಪು ಮಣ್ಣಿನ ಮೇಲೆ ಸಾಲು ಹಿಡಿದು ಕೂತಿರುತ್ತವೆ.

ಕಾರು ಬೇಡ ಎನ್ನುವವರು ಕ್ರಿಪ್ತಾನಾ ಒಂದನ್ನೇ ಇಟ್ಟುಕೊಳ್ಳಿ. ಮ್ಯಾಡ್ರಿಡ್‌ನಿಂದ ಅಲ್ಕಾಸರ್ ಜಂಕ್ಷನ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಕ್ರಿಪ್ತಾನಾಕ್ಕೂ ನಿಲ್ದಾಣವಿದೆ, ಆದರೆ ನಿಲ್ಲುವ ರೈಲು ಕಡಿಮೆ. ಅಲ್ಕಾಸರ್‌ನಲ್ಲಿ ಇಳಿದು ಟ್ಯಾಕ್ಸಿ ಮಾಡಿದರೂ ಎಂಟು ಕಿಲೋಮೀಟರಷ್ಟೇ. ಮ್ಯಾಡ್ರಿಡ್‌ನಲ್ಲಿ ರೈಲು ಯಾವ ನಿಲ್ದಾಣದಿಂದ ಹೊರಡುತ್ತದೆ, ಅಟೋಚವೋ ಚಮಾರ್ತೀನೋ ಎಂದು ಟಿಕೆಟ್ಟಿನಲ್ಲಿ ನೋಡಿಕೊಳ್ಳಿ. ಕೊನ್ಸ್ವೆಗ್ರಾಕ್ಕೆ ಮ್ಯಾಡ್ರಿಡ್‌ನಿಂದಲೂ ಟೊಲೆಡೊದಿಂದಲೂ ಬಸ್ಸುಗಳಿವೆ. ವಾರಾಂತ್ಯದಲ್ಲಿ ಅವು ಕಡಿಮೆಯಾಗುತ್ತವೆ. ಬಸ್ಸಿಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ವಾಪಸ್ ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆಯುವುದು.

ಮೊದಲ ದಿನ: ಕೊನ್ಸ್ವೆಗ್ರಾ

ಪೋಸ್ಟ್‌ಕಾರ್ಡಿನಲ್ಲಿ, ಕ್ಯಾಲೆಂಡರಿನಲ್ಲಿ ನೀವು ನೋಡಿದ ಲಾ ಮಾಂಚಾ ಹೆಚ್ಚುಕಡಿಮೆ ಇದೇ. ಸೆರ್ರೊ ಕಲ್ದೆರಿಕೊ ಎಂಬ ಉದ್ದನೆಯ ಗುಡ್ಡದ ಬೆನ್ನ ಮೇಲೆ ಹನ್ನೆರಡು ಬಿಳಿ ಗಿರಣಿ, ನಡುವೆ ಒಂದು ಕೋಟೆ. ಗಿರಣಿಗಳಿಗೆಲ್ಲ ಹೆಸರಿದೆ, ಎಷ್ಟೋ ಹೆಸರು ಕಾದಂಬರಿಯಿಂದಲೇ ಬಂದವು: ಸಾಂಚೊ, ಅವನ ಕತ್ತೆ ರೂಸಿಯೊ, ಮರದ ಕುದುರೆ ಕ್ಲಾವಿಲೇನ್ಯೊ, ಕ್ಷೌರಿಕನ ಬಟ್ಟಲನ್ನು ಕಿಹೋತೆ ಮಾಯದ ಶಿರಸ್ತ್ರಾಣವೆಂದು ಬಗೆದನಲ್ಲ, ಆ ಮಾಂಬ್ರಿನೊ.

ಇಲ್ಲೊಂದು ನಿಜ ಹೇಳಬೇಕು. ಇಲ್ಲಿನ ಗಿರಣಿಗಳಲ್ಲಿ ಬಹುಪಾಲು 20ನೇ ಶತಮಾನದಲ್ಲಿ ದುರಸ್ತಿಯಾಗಿ ಎದ್ದು ನಿಂತವು. ಹಲವು ಹೊರಗೆ ಗಿರಣಿ, ಒಳಗೆ ಖಾಲಿ. ಹಳೆಯ ಯಂತ್ರ ಉಳಿಸಿಕೊಂಡಿರುವ ಕೆಲವರಲ್ಲಿ ಸಾಂಚೊ ಒಂದು. ರೂಸಿಯೊದಲ್ಲೂ ಒಳಗೆ ಹೋಗಿ ಕಲ್ಲು, ಚಕ್ರ ನೋಡಬಹುದು. ಊರಿನ ಪ್ರವಾಸಿ ಕಚೇರಿಯಲ್ಲಿ ‘ಇವತ್ತು ಒಳಗೆ ಬಿಡುವುದು ಯಾವುದಕ್ಕೆ?’ ಎಂದು ಕೇಳಿ, ಕೋಟೆಯನ್ನೂ ಸೇರಿಸಿ ಒಂದೇ ಟಿಕೆಟ್ ಇದೆಯೇ ವಿಚಾರಿಸಿ. ಕೋಟೆ ಸಂತ ಯೋಹಾನನ ಹೆಸರಿನ ಯೋಧ ಸನ್ಯಾಸಿಗಳ ಕೈಯಲ್ಲಿತ್ತು. 19ನೇ ಶತಮಾನದ ಆರಂಭದಲ್ಲಿ ನೆಪೋಲಿಯನ್ನನ ಸೈನಿಕರು ಹಾಳುಗೆಡವಿದರು. ಗಿರಣಿಗೆಂದು ಬಂದವರು ಇದಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಸಾಕು.

ಗುಡ್ಡದ ಮೇಲಿನವರೆಗೆ ಕಾರು ಹೋಗುತ್ತದೆ. ಆದರೂ ಸಂಜೆ, ಹೊತ್ತು ಮುಳುಗುವ ಒಂದೂವರೆ ಗಂಟೆ ಮುಂಚೆ, ಊರಿನಿಂದ ನಡೆದೇ ಹತ್ತಿ. ಕಾಲು ಗಟ್ಟಿ ಇದ್ದವರಿಗೆ ಅರ್ಧ ಗಂಟೆ. ಅಮ್ಮನಂತೆ ಮಂಡಿ ನೋವಿದ್ದವರು ಕಾರಲ್ಲೇ ಹೋಗಲಿ. ಮೇಲೆ ಗಾಳಿ ಜೋರು. ಟೋಪಿ ಕೈಯಲ್ಲಿರಲಿ, ಮೊಬೈಲ್ ಹಿಡಿದ ಕೈ ಬಿಗಿಯಾಗಿರಲಿ. ಟ್ರೈಪಾಡ್ ನಿಲ್ಲಿಸಿದರೆ ಕೆಳಗೊಂದು ಬ್ಯಾಗು ನೇತುಹಾಕಿ. ನನ್ನದು ಒಂದು ಸಲ ಮಗುಚಿ ಲೆನ್ಸಿನ ಗಾಜು ಬಿರುಕು ಬಿಟ್ಟಿತು.

ಎರಡನೇ ದಿನ: ಕ್ರಿಪ್ತಾನಾ, ಗಿರಣಿಯ ಹೊಟ್ಟೆಯೊಳಗೆ

ಬೆಳಗ್ಗೆ ಕೊನ್ಸ್ವೆಗ್ರಾ ಬಿಟ್ಟು ಪ್ವೆರ್ತೊ ಲಾಪಿಸೆಯಲ್ಲಿ ಕಾಫಿಗೆ ನಿಲ್ಲಿಸಿ. ಕಿಹೋತೆಯ ಹೆಸರಿಟ್ಟುಕೊಂಡ ಹಳೆಯ ಛತ್ರವೊಂದು ಅಲ್ಲಿದೆ. ಅಲ್ಕಾಸರ್‌ನ ಹೊರಗಿನ ಗುಡ್ಡದಲ್ಲೂ ನಾಲ್ಕು ಗಿರಣಿಗಳಿವೆ, ರಸ್ತೆಯಿಂದ ನೋಡಿದರೆ ಸಾಕು. ಬೀಸುವ ಕೆಲಸ ಶುರುವಾಗುವ ಮೊದಲೇ ಕ್ರಿಪ್ತಾನಾ ತಲುಪಿಬಿಡಿ.

ಊರಿನ ಮೇಲ್ಭಾಗದ ಕೇರಿಯ ಹೆಸರು ಅಲ್ಬೈಸೀನ್. ಸುಣ್ಣ ಬಳಿದ ಮನೆಗಳು, ಗೋಡೆಯ ಬುಡಕ್ಕೆ ನೀಲಿ ಪಟ್ಟಿ. ಕಡಿದಾದ ಓಣಿಗಳಲ್ಲಿ ಹತ್ತುತ್ತ ಹೋದರೆ ಕೊನೆಯ ಮನೆಯ ಹಿಂದಿನಿಂದ ಥಟ್ಟನೆ ಒಂದು ಗಿರಣಿ ತಲೆ ಎತ್ತುತ್ತದೆ. ಈಗಿರುವುದು ಹತ್ತು. 18ನೇ ಶತಮಾನದ ನಡುವಿನ ಸರ್ಕಾರಿ ಲೆಕ್ಕದಲ್ಲಿ ಇಲ್ಲಿ 34 ಇದ್ದವು. ಮೂವತ್ತೋ ನಲವತ್ತೋ ಎಂಬ ಕಾದಂಬರಿಯ ಮಾತಿಗೆ ಇದು ಸರಿಹೊಂದುತ್ತದೆ ಎಂಬುದು ಕ್ರಿಪ್ತಾನಾದವರ ವಾದ. ಕೊನ್ಸ್ವೆಗ್ರಾದವರ ಮುಂದೆ ಇದನ್ನು ಹೇಳಬೇಡಿ.

ಹತ್ತರಲ್ಲಿ ಮೂರು, ಬುರ್ಲೆತಾ, ಇನ್‌ಫಾಂತೊ ಮತ್ತು ಸಾರ್ದಿನೇರೊ, 16ನೇ ಶತಮಾನದವು. ಯಂತ್ರ ಇನ್ನೂ ಒಳಗಿದೆ. ಮಿಕ್ಕವುಗಳಲ್ಲಿ ಸಣ್ಣ ಮ್ಯೂಸಿಯಂಗಳು. ಒಂದು ಇದೇ ಊರಲ್ಲಿ ಹುಟ್ಟಿದ ಚಿತ್ರತಾರೆ ಸಾರಾ ಮೊಂತಿಯೆಲ್‌ಗೆ ಮೀಸಲು, ಇನ್ನೊಂದರಲ್ಲಿ ಪ್ರವಾಸಿ ಕಚೇರಿ. ಸಮಯ ಕಡಿಮೆಯಿದ್ದರೆ ಆ ಏಳನ್ನು ಬಿಟ್ಟು ಈ ಮೂರನ್ನು ಹಿಡಿಯಿರಿ.

ಒಳಗೆ ಹೋಗುವ ಮೊದಲು ಗಿರಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಗೋಡೆ ದಪ್ಪ ಕಲ್ಲಿನದು, ಅಲುಗಾಡುವುದಿಲ್ಲ. ಮೇಲಿನ ಶಂಖಾಕೃತಿಯ ಟೋಪಿ ಮಾತ್ರ ತಿರುಗುತ್ತದೆ. ರೆಕ್ಕೆಗಳಿರುವುದು ಆ ಟೋಪಿಗೆ. ಅದರ ಹಿಂಭಾಗದಿಂದ ಒಂದು ಉದ್ದನೆಯ ದಿಮ್ಮಿ ಓರೆಯಾಗಿ ನೆಲದವರೆಗೆ ಇಳಿದಿರುತ್ತದೆ. ಅದರ ಹೆಸರು ಪಾಲೊ ದೆ ಗೊಬಿಯೆರ್ನೊ. ಚುಕ್ಕಾಣಿ ಕೋಲು ಎಂಬ ಅರ್ಥ; ಸರ್ಕಾರಕ್ಕೂ ಅವರಲ್ಲಿ ಅದೇ ಪದ. ಗಿರಣಿಯ ಸುತ್ತ ನೆಲದಲ್ಲಿ ನೆಟ್ಟ ಮೋಟು ಕಲ್ಲುಗಳು ಕಾಣುತ್ತವೆ. ಒಂದು ಸಣ್ಣ ರಾಟೆಯನ್ನು ಕಲ್ಲಿಗೆ ಕಟ್ಟಿ, ಹಗ್ಗದಿಂದ ದಿಮ್ಮಿಯನ್ನು ಎಳೆದರೆ ಇಡೀ ಟೋಪಿ ಕಿರುಗುಡುತ್ತ ತಿರುಗಿ ರೆಕ್ಕೆಗಳು ಗಾಳಿಗೆ ಮುಖ ಮಾಡುತ್ತವೆ. ಆಮೇಲೆ ರೆಕ್ಕೆಯ ಮರದ ಜಾಲರಿಗೆ ಹಾಯಿಬಟ್ಟೆ ಕಟ್ಟಬೇಕು. ಅದಕ್ಕೆ ಗಿರಣಿಯವನು ರೆಕ್ಕೆಯ ಮೇಲೇ ಏಣಿಯಂತೆ ಹತ್ತುತ್ತಾನೆ. ಬಟ್ಟೆಯಿಲ್ಲದ ಬರಿ ರೆಕ್ಕೆ ಎಂಥ ಗಾಳಿಗೂ ಸೋಮಾರಿ. ನಾವು ಫೋಟೊಗಳಲ್ಲಿ ನೋಡುವುದು ಹೆಚ್ಚಾಗಿ ಈ ಬೆತ್ತಲೆ ರೆಕ್ಕೆಗಳನ್ನೇ. ಬಟ್ಟೆ ಕಟ್ಟಿ ತಿರುಗತೊಡಗಿದಾಗ ಹಗ್ಗದ ಬೇಲಿಯ ಆಚೆಯೇ ನಿಲ್ಲಿ, ಮಕ್ಕಳ ಕೈ ಹಿಡಿದುಕೊಳ್ಳಿ. ರೆಕ್ಕೆಯ ತುದಿ ನೆಲಕ್ಕೆ ಬಹಳ ಹತ್ತಿರ ಬಂದು ಹೋಗುತ್ತದೆ. ಹತ್ತಿರದಿಂದ ಆ ‘ವ್ಹೂಂ’ ಶಬ್ದ ಕೇಳಿದರೆ ಕಿಹೋತೆಯ ಮೇಲೆ ಸ್ವಲ್ಪ ಗೌರವ ಬರುತ್ತದೆ.

ಒಳಗೆ ಮೂರು ಅಂತಸ್ತು. ಕೆಳಗೆ ಕತ್ತೆ, ಮೂಟೆಗಳ ಜಾಗ, ನಡುವೆ ಹಿಟ್ಟು ಬಂದು ಬೀಳುವ, ಜರಡಿ ಹಿಡಿಯುವ ಕೋಣೆ, ಮೇಲೆ ಕಲ್ಲುಗಳು. ಗೋಡೆಗಂಟಿದ ಮೆಟ್ಟಿಲು ಕಿರಿದು, ಒಂದೊಂದೂ ಮೊಣಕಾಲೆತ್ತರ. ಸೀರೆ ಉಟ್ಟವರಿಗೆ ಕಷ್ಟ. ಅಮ್ಮ ಸಲ್ವಾರ್ ಹಾಕಿಕೊಂಡು ಬಂದಿದ್ದಕ್ಕೆ ಅವತ್ತು ದೇವರಿಗೆ ಕೈಮುಗಿದಳು. ಬೆನ್ನಿಗೆ ಬ್ಯಾಗಿದ್ದರೆ ಕೆಳಗೇ ಇಡಿ.

ಮೇಲಿನ ಕೋಣೆಯ ಗೋಡೆಯಲ್ಲಿ ಸುತ್ತಲೂ ಪುಟ್ಟ ಪುಟ್ಟ ಕಿಟಕಿಗಳು. ಬೆಳಕಿಗೆಂದು ಮಾಡಿದವಲ್ಲ. ಗಿರಣಿಯವನು ಒಂದೊಂದಾಗಿ ತೆರೆದು ಗಾಳಿ ಯಾವ ಕಡೆಯಿಂದ ಬರುತ್ತಿದೆ, ಯಾವ ಕಡೆಗೆ ಹೊರಳಲಿದೆ ಎಂದು ಕೆನ್ನೆಯಿಂದ ಅಳೆಯುತ್ತಿದ್ದ. ಗಾಳಿ ಬಂದಾಗ ತೂರಿಕೋ ಎಂದು ನಾವು ಹೇಳುವುದಷ್ಟೇ. ಇವನ ಹೊಟ್ಟೆಪಾಡೇ ಅದಾಗಿತ್ತು. ಒಂದೊಂದು ಗಾಳಿಗೂ ಹೆಸರು. ಮೂಡಣದ್ದು ಸೊಲಾನೊ, ಬಡಗಣದ್ದು ಸಿಯೆರ್ಸೊ, ನೈಋತ್ಯದಿಂದ ಮಳೆ ಹೊತ್ತು ತರುವುದು ಆಬ್ರೆಗೊ, ಟೊಲೆಡೊ ಕಡೆಯಿಂದ ಬರುವುದು ತೊಲೆದಾನೊ. ಕೊರೆಯುವ ಚಳಿಗಾಳಿಯೊಂದಕ್ಕೆ ಮಾತಾಕಾಬ್ರಾಸ್ ಎನ್ನುತ್ತಾರೆ, ಆಡು ಕೊಲ್ಲುವ ಗಾಳಿ ಎಂದರ್ಥ.

ತಲೆಯ ಮೇಲೆ ರೆಕ್ಕೆಯ ಅಚ್ಚಿಗೆ ಕೂರಿಸಿದ ಮರದ ದೊಡ್ಡ ಹಲ್ಲುಚಕ್ರ. ಅದು ಪಂಜರದ ಹಾಗಿರುವ ಸಣ್ಣ ಚಕ್ರವನ್ನು ಕಚ್ಚಿ ತಿರುಗಿಸುತ್ತದೆ, ಆ ಪಂಜರ ಮೇಲ್ಗಲ್ಲನ್ನು ತಿರುಗಿಸುತ್ತದೆ. ಕೆಳಗಲ್ಲು ಕದಲುವುದಿಲ್ಲ. ನಮ್ಮ ಬೀಸುವ ಕಲ್ಲಿನದೇ ಲೆಕ್ಕ, ಗೂಟ ಹಿಡಿದ ಕೈಯ ಬದಲು ಗಾಳಿ. ಕಾಳು ತುಂಬಿದ ಮರದ ಡಬ್ಬ ಮೇಲೆ ನೇತಾಡುತ್ತಿರುತ್ತದೆ. ತಿರುಗುವ ಕಲ್ಲು ಒಂದು ಕೋಲನ್ನು ಟಕಟಕ ಬಡಿದು ಅದನ್ನು ಅಲುಗಿಸುತ್ತ ಕಾಳು ಉದುರಿಸಿಕೊಳ್ಳುತ್ತದೆ. ಗೋಡೆ, ನೆಲ, ಹಲ್ಲು ಎಲ್ಲ ಒಟ್ಟಿಗೆ ನಡುಗುತ್ತವೆ. ಬಿಸಿ ಹಿಟ್ಟಿನ ವಾಸನೆ.

ಅಮ್ಮ ತುಮಕೂರು ಸೀಮೆಯವಳು, ಮದುವೆಯಾಗುವ ತನಕ ದಿನಾ ಬೆಳಗಿನ ಜಾವ ರಾಗಿ ಬೀಸಿದವಳು. ನಡುವಿನ ಕೋಣೆಗೆ ಇಳಿದಾಗ ಗಿರಣಿಯವರು ದೋಣಿಯಿಂದ ಒಂದು ಹಿಡಿ ಹಿಟ್ಟು ತೆಗೆದು ಎಲ್ಲರ ಕೈಗೂ ಹಾಕಿದರು. ಬೇರೆಯವರು ಮೂಸಿ ನೋಡಿದರು, ಫೋಟೊ ತೆಗೆದರು. ಅಮ್ಮ ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ ನನ್ನ ಕಡೆ ತಿರುಗಿದಳು. ‘ಲೋ, ತರಿತರಿಯಾಗಿ ಬೀಳ್ತೈತೆ. ಕಲ್ಲು ಒಸಿ ಇಳಿಸ್ಬೇಕು ಅಂತ ಹೇಳು ಅವ್ರಿಗೆ.’ ನನ್ನ ಮುರುಕು ಸ್ಪ್ಯಾನಿಷ್‌ಗಿಂತ ಅವಳ ಬೆರಳೇ ಚೆನ್ನಾಗಿ ಮಾತಾಡಿತ್ತು. ಆತ ನಕ್ಕು ನಮ್ಮನ್ನು ಮತ್ತೆ ಮೇಲೆ ಕರೆದೊಯ್ದು ಒಂದು ಸನ್ನೆಕೋಲನ್ನು ತೋರಿಸಿದರು. ಹೆಸರು ಅಲಿವಿಯೊ, ಅಂದರೆ ನೆಮ್ಮದಿ, ಹಗುರ. ಅದನ್ನು ಎತ್ತಿದರೆ ಮೇಲ್ಗಲ್ಲು ಕೂದಲೆಳೆಯಷ್ಟು ಏಳುತ್ತದೆ, ಇಳಿಸಿದರೆ ಹಿಟ್ಟು ಸಣ್ಣಗಾಗುತ್ತದೆ. ‘ನಾವು ಬೇಳೆ ಒಡೆಯೋವಾಗ ಗೂಟಕ್ಕೆ ಬಟ್ಟೆ ಸಿಂಬೆ ಇಡ್ತಿರ್ಲಿಲ್ವಾ, ಅದೇಯ,’ ಎಂದಳು ಅಮ್ಮ. ಇದನ್ನು ಅನುವಾದ ಮಾಡುವ ಶಕ್ತಿ ನನಗಿರಲಿಲ್ಲ.

ಆಗ ಬೀಸಿದ್ದಕ್ಕೆ ಕೂಲಿ ದುಡ್ಡಲ್ಲ. ತಂದ ಕಾಳಿನಲ್ಲೇ ಒಂದು ಪಾಲು ಗಿರಣಿಯವನಿಗೆ. ಆ ಪಾಲಿಗೆ ಅವರು ಮಾಕಿಲಾ ಎನ್ನುತ್ತಾರೆ. ನಮ್ಮ ಹಳ್ಳಿಗಳ ಆಯದ ಹಾಗೆಯೇ. ಅಳತೆಯಲ್ಲಿ ಕೈಚಳಕ ತೋರಿಸುತ್ತಾನೆಂಬ ಗುಮಾನಿಯೂ ಜೊತೆಗೇ ಬಂದಿರಬೇಕು. ಸ್ಪ್ಯಾನಿಷ್ ಗಾದೆಗಳಲ್ಲಿ ಗಿರಣಿಯವನಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ.

ಮೂರನೇ ದಿನ: ಇಲ್ಲದವಳ ಮನೆ, ಎಡಚ ಗಿರಣಿ

ಕ್ರಿಪ್ತಾನಾದಿಂದ ಸಣ್ಣ ರಸ್ತೆಯಲ್ಲಿ ಎಲ್ ತೊಬೋಸೊಗೆ ಹೋಗಿ. ಕಿಹೋತೆಯ ಮನದನ್ನೆ ದುಲ್ಸಿನೆಯಾಳ ಊರು. ಅವಳ ಮನೆಯೆಂದು ಒಂದು ಮ್ಯೂಸಿಯಂ ಇದೆ. ತಮಾಷೆಯೆಂದರೆ ಅವಳು ಕಾದಂಬರಿಯಲ್ಲೂ ಒಮ್ಮೆಯೂ ಎದುರಿಗೆ ಬರುವುದಿಲ್ಲ. ಅಲ್ದೊಂಸಾ ಎಂಬ ರೈತರ ಹುಡುಗಿಯ ಮೇಲೆ ಕಿಹೋತೆ ಕಟ್ಟಿದ ಕನಸು. ಕಥೆಯೊಳಗೂ ಇಲ್ಲದವಳಿಗೆ ಮನೆ, ಅಡುಗೆಮನೆ, ಎಣ್ಣೆ ತೆಗೆಯುವ ಗಾಣದ ಕೋಣೆ ಎಲ್ಲ ಇವೆ! ಹಳೆಯ ಲಾ ಮಾಂಚಾದ ಮನೆ ಹೇಗಿತ್ತೆಂದು ನೋಡಲು ಒಳ್ಳೆಯ ಜಾಗ. ಅದೇ ಊರಿನ ಇನ್ನೊಂದು ಮ್ಯೂಸಿಯಂನಲ್ಲಿ ಹತ್ತಾರು ಭಾಷೆಗಳ ಕಿಹೋತೆ ಪ್ರತಿಗಳಿವೆ, ಹಲವಕ್ಕೆ ಆಯಾ ದೇಶದ ದೊಡ್ಡವರ ಸಹಿ. ಭಾನುವಾರ ಮಧ್ಯಾಹ್ನ ಎರಡರ ಒಳಗೆ ಎರಡನ್ನೂ ಮುಗಿಸಿ.

ಆಮೇಲೆ ಮೋತಾ ದೆಲ್ ಕ್ವೆರ್ವೊ. ಏಳು ಗಿರಣಿಗಳು, ಕೆಳಗೆ ಕಣ್ಣು ಹೋದಷ್ಟು ಬಯಲು. ‘ಲಾ ಮಾಂಚಾದ ಬಾಲ್ಕನಿ’ ಎಂದು ಊರಿನವರೇ ಹೆಸರಿಟ್ಟುಕೊಂಡಿದ್ದಾರೆ. ಇಲ್ಲಿ ಹುಡುಕಬೇಕಾದದ್ದು ಎಲ್ ಸೂರ್ದೊ. ಪದದ ಅರ್ಥ ಎಡಚ, ನಮ್ಮ ಕಡೆ ರೊಡ್ಡ ಅಂತೀವಲ್ಲ, ಅದೇ. ಮಿಕ್ಕ ಗಿರಣಿಗಳು ತಿರುಗುವ ದಿಕ್ಕಿಗೆ ಇದು ಉಲ್ಟಾ ತಿರುಗುತ್ತದೆ. ರೆಕ್ಕೆಯ ಮರದ ಜಾಲರಿ ಕೂರಿಸಿದ ಬಗೆಯಲ್ಲೇ ವ್ಯತ್ಯಾಸವಿದೆ, ಪಕ್ಕದ ಗಿರಣಿಯೊಂದಿಗೆ ಹೋಲಿಸಿ ನೋಡಿ.

ಸಮಯ ಉಳಿದರೆ ಇನ್ನೂ ಸುಮಾರು 16 ಕಿಲೋಮೀಟರ್ ಮುಂದೆ ಬೆಲ್‌ಮೊಂತೆಯಲ್ಲಿ 15ನೇ ಶತಮಾನದ ಕೋಟೆ. ಕೊನ್ಸ್ವೆಗ್ರಾದ ಹಾಳು ಕೋಟೆಗಿಂತ ಇದು ಎಷ್ಟೋ ಗಟ್ಟಿಯಾಗಿ ಉಳಿದಿದೆ. ಗಿರಣಿ ಸಾಕಾದವರಿಗೆ ನಾಲಿಗೆ ರುಚಿ ಬದಲಾಯಿಸಿದ ಹಾಗೆ.

ಊಟ: ತರಕಾರಿ ಎಂದರೂ ನಂಬಬೇಡಿ

ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯದು ಒಂಬತ್ತರ ಮೇಲೆ. ನಡುವೆ ಅಂಗಡಿಗಳೂ ಅಡುಗೆಮನೆಗಳೂ ಬಾಗಿಲು ಹಾಕುತ್ತವೆ. ಸಂಜೆ ಆರಕ್ಕೆ ಹಸಿವಾದರೆ ಕೈಯಲ್ಲಿರುವ ಚಕ್ಕುಲಿಯೇ ಗತಿ.

ಸಸ್ಯಾಹಾರಿಗಳು ‘ಸೋಯ್ ವೆಹೆತರಿಯಾನೊ’ (ಹೆಂಗಸರಾದರೆ ‘ವೆಹೆತರಿಯಾನಾ’) ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್’ ಎಂದು ಸೇರಿಸಿ: ಮಾಂಸ ಬೇಡ, ಹಂದಿ ಬೇಡ, ಟ್ಯೂನಾ ಮೀನು ಬೇಡ. ಒಂದು ಹೋಟೆಲಿನಲ್ಲಿ ಹಸಿರು ಸಲಾಡ್ ಕೇಳಿದ್ದಕ್ಕೆ ಮೇಲೆ ಮೀನು ಹರಡಿಕೊಂಡು ಬಂತು. ಮೀನು ಮಾಂಸವಲ್ಲವಲ್ಲ ಎಂಬುದು ಅವರ ಪ್ರಾಮಾಣಿಕ ಪ್ರಶ್ನೆ. ಅಮ್ಮ ಅವತ್ತು ಬ್ರೆಡ್ಡು, ಕಿತ್ತಳೆ ತಿಂದು ಎದ್ದಳು.

ಧೈರ್ಯವಾಗಿ ಕೇಳಬಹುದಾದದ್ದು ಪಿಸ್ತೊ. ಟೊಮೆಟೊ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಸೌತೆಯಂತೆ ಕಾಣುವ ಜುಕಿನಿ ಎಲ್ಲ ಎಣ್ಣೆಯಲ್ಲಿ ಬೆಂದು ಗೊಜ್ಜಾದದ್ದು. ಮೇಲೆ ಮೊಟ್ಟೆ ಬರುವುದುಂಟು, ಬೇಡವಾದರೆ ‘ಸಿನ್ ವೇವೊ’. ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಯ ಅಸದೀಯೊ ಕೂಡ ಚೆನ್ನ. ಮಾಂಚೇಗೊ ಚೀಸ್ ಆ ಸೀಮೆಯ ಕುರಿ ಹಾಲಿನದು. ಹಾಲು ಹೆಪ್ಪುಗಟ್ಟಿಸಲು ಹೆಚ್ಚಾಗಿ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದರಿಂದ ಕಟ್ಟುನಿಟ್ಟಿನವರು ಬಿಟ್ಟುಬಿಡಿ. ಕಿಹೋತೆ ಶುಕ್ರವಾರ ಲೆಂಟಿಲ್ ಬೇಳೆ ತಿನ್ನುತ್ತಿದ್ದ ಎಂದು ಕಾದಂಬರಿಯ ಮೊದಲ ಪುಟದಲ್ಲೇ ಇದೆ. ಈಗ ಅದನ್ನು ಕೇಳಿದರೆ ಬಹಳ ಕಡೆ ಹಂದಿ ಸಾಸೇಜು ಸೇರಿಸಿಯೇ ಕೊಡುತ್ತಾರೆ.

ಗಾಚಾಸ್ ಎಂಬ ಹಿಟ್ಟಿನ ಗಂಜಿ ನೋಡಲು ನಮ್ಮ ಜುಣಕದಂತೆ ಇರುತ್ತದೆ. ಅದಕ್ಕೆ ಬಳಸುವ ಅಲ್ಮೋರ್ತಾ ಯಾವುದೆಂದು ಹುಡುಕಿದರೆ ಸಿಕ್ಕಿದ್ದು ಕೇಸರಿ ಬೇಳೆ! ದಿನವೂ ಅದನ್ನೇ ತಿಂದರೆ ಕಾಲಿನ ಸ್ವಾಧೀನ ತಪ್ಪುತ್ತದೆಂದು ನಮ್ಮಲ್ಲಿ ಮಾರಾಟ ನಿಷೇಧಿಸಿದ್ದರಲ್ಲ, ಅದೇ ಕಾಳು. ಬರಗಾಲದಲ್ಲೂ ಬೆಳೆಯುವುದರಿಂದ ಎರಡೂ ಕಡೆಯ ಬಡವರ ತಟ್ಟೆಗೆ ಬಂದದ್ದು. ಅಪರೂಪಕ್ಕೊಮ್ಮೆ ತಿಂದರೆ ತೊಂದರೆಯಿಲ್ಲ ಎನ್ನುತ್ತಾರೆ. ಹಂದಿ ಕೊಬ್ಬಿನಲ್ಲಿ ಮಾಡುವುದರಿಂದ ನಮ್ಮ ಪಾಲಿಗೆ ಆ ಪ್ರಶ್ನೆ ಏಳಲೇ ಇಲ್ಲ.

ತರುವುದೇನು

ಫ್ರಿಜ್ಜಿಗೆ ಅಂಟಿಸುವ ಗಿರಣಿ ಎಲ್ಲ ಕಡೆ ಸಿಗುತ್ತದೆ, ಬೇಕಾದರೆ ತನ್ನಿ. ನಿಜವಾಗಿ ತರಬೇಕಾದದ್ದು ಕೇಸರಿ. ಪುಡಿ ಬೇಡ, ಎಳೆಯನ್ನೇ ಕೊಳ್ಳಿ. ಡಬ್ಬಿಯ ಮೇಲೆ ‘ಅಸಫ್ರಾನ್ ದೆ ಲಾ ಮಾಂಚಾ’ ಎಂಬ ಸಂರಕ್ಷಿತ ಹೆಸರಿನ ಮುದ್ರೆ ಇದೆಯೇ ನೋಡಿ. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕು. ಬೆಳಗಿನ ಜಾವ ಬಿಡಿಸಿ, ಅವತ್ತೇ ಕೂತು ಎಳೆ ತೆಗೆಯುವ ಕೆಲಸ. ಬೆಲೆ ಕೇಳಿ ಬೆಚ್ಚಬೇಡಿ, ಒಂದೆರಡು ಗ್ರಾಮಿನ ಡಬ್ಬಿಗಳೂ ಸಿಗುತ್ತವೆ.

ಅಮ್ಮ ಕೊಂಡದ್ದು ಒಂದು ಗ್ರಾಮಿನದು. ಎರಡು ವರ್ಷವಾಯಿತು, ಇನ್ನೂ ಒಡೆದಿಲ್ಲ. ಯಾರ ಮದುವೆಗೆ ಎತ್ತಿಟ್ಟಿದ್ದಾಳೆಂದು ಕೇಳುವ ಧೈರ್ಯ ನನಗಿಲ್ಲ.